ಮಾವನ ಕಾರಿನ ಎರಡನೇ ಗೇರು

ಮಾವನ ಹಳೇ ಕಾರು ಎರಡನೇ ಗೇರಿಗೆ ಬೀಳುವಾಗ ‘ಕರ್ರ್’ ಎನ್ನುತ್ತಿತ್ತು. ಹೊಸ ಗೇರ್ ಆಯಿಲ್ ಹಾಕಿ ಮಾವನಿಂದ ಭೇಷ್ ಎನ್ನಿಸಿಕೊಳ್ಳೋಣ ಎಂದು ಅಳಿಯನಾದ ಗಣಿತದ ಮೇಷ್ಟ್ರಿಗೆ ಹೊಳೆಯಿತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ನೋಡಿ. “ಒಂದು ಗೀರು ಬಿದ್ರೂ ನಿಮ್ಮ ಮುಖ ನೋಡಲ್ಲ” ಎಂದು ಹೇಳಿಯೇ ಮಾವ ಕಾರನ್ನು ಅಳಿಯನ ಮನೆ ಮುಂದೆ ಬಿಟ್ಟು ಪ್ರವಾಸ ಹೋಗಿದ್ದರು. ಅಂದು ಸಂಜೆ ಅತ್ತೆಯ ಜೊತೆ ರೈಲಿಳಿಯುವವರಿದ್ದರು.

ಅಂಗಡಿಯಲ್ಲಿ ಎರಡು ದರ್ಜೆಯ ಗೇರ್ ಆಯಿಲ್ ಡಬ್ಬಗಳಿದ್ದವು: ಜಿ.ಎಲ್. ನಾಲ್ಕು, ಜಿ.ಎಲ್. ಐದು. ಐದು ನಾಲ್ಕಕ್ಕಿಂತ ದೊಡ್ಡದೆಂದು ಮಕ್ಕಳಿಗೆ ಕಲಿಸುವವರೇ ಅವರು. ಇನ್ನು ಯೋಚಿಸುವುದೇನಿದೆ!

ಆಯಿಲ್ ಹಾಕಿ ಕಾರಿನಡಿಯಿಂದ ತೆವಳಿ ಬರುವಷ್ಟರಲ್ಲಿ, ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್ ಕಾಂಪೌಂಡಿನ ಮೇಲಿಂದ ಇಣುಕಿದರು.

“ಯಾವ್ ಆಯಿಲ್ ಹಾಕಿದ್ರಿ ಮೇಷ್ಟ್ರೇ?”

“ಐದು.”

“ಅಯ್ಯೋ ದೇವ್ರೇ! ಇಂಥ ಹಳೇ ಗೇರ್‌ಬಾಕ್ಸಲ್ಲಿ ಗೇರ್ ಕೂಡಿಸೋ ಹಿತ್ತಾಳೆ ರಿಂಗ್ ಇರುತ್ತೆ. ನಾಲ್ಕೇ ಹಾಕ್ಬೇಕು. ಐದು ಅದನ್ನ ಗೆದ್ದಲು ತಿಂದ ಹಾಗೆ ತಿಂದ್ಬಿಡುತ್ತೆ!”

ಮೇಷ್ಟ್ರು ಗಡಿಯಾರ ನೋಡಿಕೊಂಡರು. “ಎ... ಎಷ್ಟು ಹೊತ್ತಲ್ಲಿ?”

“ಶುರುವಾಗೇ ಇರುತ್ತೆ.”

ಎದುರು ಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಓಡಿಬಂದರು. “ನಮ್ಮ ಭಾವನ ಕಾರೂ ಹೀಗೇ ಸೇತುವೆ ಮೇಲೆ ನಿಂತ್ಹೋಯ್ತು. ಅವತ್ತಿಂದ ಅವರ ಮಾವ ಮಾತೇ ಬಿಟ್ಟಿದ್ದಾರೆ, ಪಾಪ!”

ಮೇಷ್ಟ್ರಿಗೆ ಗೇರ್‌ಬಾಕ್ಸಿನೊಳಗೆ ಕಟಕಟ ಕಡಿಯುವ ಸದ್ದೇ ಕೇಳಿಸತೊಡಗಿತು. ಮತ್ತೆ ಕಾರಿನಡಿ ನುಗ್ಗಿ ಬೋಲ್ಟ್ ಬಿಚ್ಚಿದರು. ಆಯಿಲ್ ತಟ್ಟೆಗೆ ಬೀಳದೆ ನೆತ್ತಿಗೇ ಸುರಿಯಿತು. ಕೊಳೆತ ಮೊಟ್ಟೆಯಂತೆ ನಾರುತ್ತಾ ಅಂಗಡಿಗೆ ಓಡಿದರೆ ಅಷ್ಟರಲ್ಲಿ ಜಿ.ಎಲ್. ನಾಲ್ಕರ ಡಬ್ಬ ಖಾಲಿ! ಪೇಟೆಯೆಲ್ಲ ಸುತ್ತಿ, ಕಡೆಗೆ ಹಳೇ ಗ್ಯಾರೇಜೊಂದರಲ್ಲಿ ಕಾಡಿ ಬೇಡಿ ತಂದು ಹಾಕಿದರು.

“ರೀ, ಏನ್ರೀ ಇದು ವಾಸನೆ?” ಎಂದು ಹೆಂಡತಿ ಮೂಗು ಮುಚ್ಚಿಕೊಂಡಳು.

“ನನ್ನ ಗ್ರಹಚಾರದ್ದು ಕಣೇ” ಎಂದವರೇ ಮೇಷ್ಟ್ರು ಸ್ಟೇಷನ್ನಿಗೆ ಹೊರಟರು. ಭಯದಲ್ಲಿ ದಾರಿಯುದ್ದಕ್ಕೂ ಮೊದಲ ಗೇರು ಬಿಟ್ಟು ಮೇಲೇರಲಿಲ್ಲ.

ರೈಲಿಳಿದು ಬಂದ ಅತ್ತೆ ಹಿಂದಿನ ಸೀಟಿನಲ್ಲಿ ಕೂತರು. ಸ್ಟೀರಿಂಗ್ ಹಿಡಿದ ಮಾವ ಎರಡನೇ ಗೇರಿಗೆ ತಳ್ಳಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಸದ್ದೇ ಇಲ್ಲ! ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು.

ಮಾವ ಗಕ್ಕನೆ ಕಾರು ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತ್ತು. ಅಳಿಯನನ್ನು ಇಳಿಸಿ, ಬಾನೆಟ್ಟಿನ ಮುಂದಕ್ಕೆ ಎಳೆದೊಯ್ದರು.

“ಏನ್ ಮಾಡಿದ್ರಿ?” ಎಂದು ಪಿಸುಗುಟ್ಟಿದರು.

“ಆಯಿಲ್... ಸರಿಯಾದ್ದೇ ಹಾಕಿದ್ದೀನಿ ಮಾವ...”

“ಕೆಡಿಸಿಬಿಟ್ರಲ್ಲಪ್ಪಾ! ಆ ಕರ್ರ್ ಅನ್ನೋ ಸದ್ದಿಂದಲೇ ನಾನು ಇಷ್ಟು ವರ್ಷ ಬದುಕಿದ್ದೆ. ನಿಮ್ಮತ್ತೆ ಅಕ್ಕತಂಗೀರ ಮನೆಗೆ ಹೊರಟಾಗೆಲ್ಲ, ಗೇರು ಸರಿಯಿಲ್ಲ, ದೂರ ಹೋಗಕ್ಕಾಗಲ್ಲ ಅಂತಿದ್ದೆ!”

ಕಿಟಕಿಯಿಂದ ಅತ್ತೆಯ ತಲೆ ಹೊರಬಂತು. “ಸದ್ದು ನಿಂತ್ಹೋಯ್ತಲ್ಲ ಅಳಿಯಂದ್ರೇ! ನಾಳೆ ಬೆಳಿಗ್ಗೇನೇ ಹೊರಡೋಣ. ಏಳೂ ಅಕ್ಕತಂಗೀರ ಮನೆಗೆ ಹೋಗ್ಬರೋಣ.”

ಮಾವ ಕಾರಿನ ಕೀಲಿಯನ್ನು ತೆಗೆದು ಮೇಷ್ಟ್ರ ಅಂಗೈಯಲ್ಲಿಟ್ಟು, ಗಟ್ಟಿಯಾಗಿ ಹೇಳಿದರು:

“ನನಗೆ ಸೊಂಟ ನೋವು ಕಣೇ. ಅಳಿಯಂದ್ರೇ ಓಡಿಸ್ತಾರೆ.”