ಪಾಕಕ್ಕೆ ಸೌಟು ಹಾಕಿದ್ದು

ಸಕ್ಕರೆ ಅಚ್ಚು ಹಾಕುವುದರಲ್ಲಿ ಅಂಥದ್ದೇನಿದೆ? ಸಕ್ಕರೆ, ನೀರು, ಒಲೆ, ಮರದ ಅಚ್ಚು. ನಾಲ್ಕೇ ಸಾಮಾನು! ಐದನೆಯದು ನಾನು ಎಂಬುದನ್ನು ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಗಳ ಮದುವೆಯಾದ ಮೇಲೆ ಬಂದ ಮೊದಲ ಸಂಕ್ರಾಂತಿ. ಮಧುಗಿರಿಯಿಂದ ಶಿರಾದ ಬೀಗರ ಮನೆಗೆ ಎಳ್ಳಿನ ಜೊತೆ ಕೈಯಾರೆ ಮಾಡಿದ ಅಚ್ಚು ಹೋಗಬೇಕು. ಅಂಗಡಿಯದು ಕೊಟ್ಟರೆ ಬೀಗಿತ್ತಿ ವರ್ಷವಿಡೀ ಮಗಳನ್ನು ಆಡಿಕೊಳ್ಳುತ್ತಾರೆ. ಪ್ರತಿವರ್ಷ ಅಚ್ಚು ಹಾಕುವ ನನ್ನ ಹೆಂಡತಿ ಗಿರಿಜಳ ಬಲಗೈ ಈ ಸಲ ಬ್ಯಾಂಡೇಜಿನಲ್ಲಿತ್ತು. ಸ್ಕೂಟರ್ ಓಡಿಸುತ್ತಿದ್ದವರು ಯಾರು ಎಂಬ ವಿಚಾರ ಇಲ್ಲಿ ಅಪ್ರಸ್ತುತ.

ಗಿರಿಜ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಆಜ್ಞೆ ಹೊರಡಿಸಿದಳು.

"ನೋಡ್ರೀ, ಪಾಕ ಬಂದ್ಮೇಲೆ ದೊಡ್ಡ ಪಾತ್ರೇನ ಅಲ್ಲಾಡಿಸಂಗಿಲ್ಲ. ಸಣ್ಣ ಬಟ್ಲಿಗೆ ಒಸಿ ಬಗ್ಗುಸ್ಕಂಡು ಅದ್ನ ಮಾತ್ರ ತಿರುವ್ಬೇಕು. ಬೆಳ್ಳಗಾದ ತಕ್ಷಣ ಅಚ್ಚಿಗೆ ಹುಯ್ಬೇಕು."

"ದೊಡ್ಡದನ್ನ ತಿರುವುದ್ರೆ ಏನಾಯ್ತದೆ?"

"ಅಷ್ಟೂ ಕಲ್ಲಾಗೋಯ್ತದೆ! ಅದು ಮಲಗಿರೋ ಕೂಸಿದ್ದಂಗೆ. ನೀವು ಸುಮ್ನಿದ್ರೆ ಅದೂ ಸುಮ್ನಿರ್ತದೆ."

ಮೊದಲ ಬಟ್ಟಲಿನಿಂದ ಆನೆಗಳು ಬಂದವು, ಗಿಳಿಗಳು ಬಂದವು. ತಟ್ಟೆಯ ತುಂಬ ಜೋಡಿಸಿ, ಮೀಸೆ ತಿರುವಿಕೊಂಡೆ. ಅಷ್ಟರಲ್ಲಿ ಫೋನ್ ಬಂತೆಂದು ಗಿರಿಜ ಎದ್ದು ಹೋದಳು. ನಾನು, ನನ್ನ ಚಿಂತೆ ಮತ್ತು ಪಾಕ ಮೂವರೇ ಉಳಿದೆವು.

ಪಾಕ ಆರುತ್ತಿತ್ತು. ಆದರೂ ನೀರಿನಷ್ಟು ತಿಳಿ! ಆರಿದ ಪಾಕ ಗಟ್ಟಿಯಾಗಬೇಕು ತಾನೆ? ಆಗುತ್ತಿಲ್ಲವೆಂದರೆ ಕೆಟ್ಟಿರಬೇಕು! ಪಾಕ ಕೆಟ್ಟರೆ ಮಗಳ ಗತಿ? ಸೌಟು ತಗೊಂಡೆ. ಒಂದೇ ಒಂದು ಸುತ್ತು. ಕೇವಲ ಪರೀಕ್ಷಾರ್ಥವಾಗಿ.

ಸೌಟಿನ ತುದಿಯಿಂದ ಒಂದು ಬಿಳುಪು ಹೊರಟಿತು. ನೋಡನೋಡುತ್ತಿದ್ದಂತೆ ಪಾತ್ರೆಯ ಅಂಚು ಮುಟ್ಟಿತು. ಗಾಬರಿಯಾಗಿ ಇನ್ನೂ ಜೋರಾಗಿ ತಿರುವಿದೆ. ಅದು ಇನ್ನೂ ಬೇಗ ಗಟ್ಟಿಯಾಯಿತು. ಕೊನೆಗೆ ಸೌಟು ಎತ್ತಿದೆ.

ಪಾತ್ರೆಯೂ ಜೊತೆಗೇ ಬಂತು!

"ಮುಟ್ಟಿದ್ರಾ?" ಗಿರಿಜ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲ" ಎಂದೆ. ಪಾತ್ರೆ ಸೌಟಿನಲ್ಲಿ ನೇತಾಡುತ್ತಿತ್ತು.

ಗಿರಿಜಳ ದನಿ ಕೇಳಿ ಪಕ್ಕದ ಮನೆಯ ಜಯಮ್ಮ ಇಣುಕಿದರು. "ಅಯ್ಯೋ ಅಣ್ಣಾ, ಊರಿಗೆಲ್ಲ ಸೇರ್ಸಿ ಒಂದೇ ಅಚ್ಚು ಹಾಕ್ಬುಟ್ರಾ?"

ಮಾನ ಉಳಿಸಿಕೊಳ್ಳಲು ಪಾತ್ರೆ ಬೋರಲು ಹಿಡಿದು ಒನಕೆಯಲ್ಲಿ ಬಡಿದೆ. ಸಕ್ಕರೆ ಬಂಡೆ ಸೌಟಿನ ಸಮೇತ ಕಳಚಿಕೊಂಡಿತು. ಬಿದ್ದದ್ದು ಮಾತ್ರ ಕೆಳಗಿದ್ದ ತಟ್ಟೆಯ ಮೇಲೆ. ಆನೆ, ಗಿಳಿ ಎಲ್ಲವೂ ಒಟ್ಟಿಗೇ ಪುಡಿಯಾದವು!

ಮತ್ತೆ ಪಾಕ ಕಾಯಿಸಲು ಹೊತ್ತಿರಲಿಲ್ಲ. ಇದ್ದದ್ದನ್ನೇ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಶಿರಾದಲ್ಲಿ ಬೀಗಿತ್ತಿ ಬಟ್ಟೆ ಬಿಚ್ಚಿದರು. ಸೌಟು ಧ್ವಜಸ್ತಂಭದ ಹಾಗೆ ನಿಂತಿತ್ತು. ಮಗಳು ನೆಲ ನೋಡತೊಡಗಿದಳು.

"ಇದೇನು, ಬೀಗ್ರೇ?"

"ಅಚ್ಚು."

"ಯಾವ್ದರ ಅಚ್ಚು?"

"ಪಾತ್ರೇದು."

ಮೊದಲು ನಕ್ಕವಳು ನನ್ನ ಮಗಳೇ! ಆಮೇಲೆ ಬೀಗಿತ್ತಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಗಳ ಹೆಗಲ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು: "ಬರೋ ವರ್ಷದಿಂದ ಅಚ್ಚು ನಾವೇ ಅತ್ತೆ ಸೊಸೆ ಹಾಕ್ಕಂತೀವಿ ಬುಡಿ. ನೀವು ಬರೀ ಎಳ್ಳು ತನ್ನಿ. ಹುರಿಯಾಕೆ ಮಾತ್ರ ಹೋಗ್ಬ್ಯಾಡಿ, ಹಸೀದೇ ತನ್ನಿ."

ತಲೆಯಾಡಿಸಿ ಹೊರಟೆ. ಹಸಿ ಎಳ್ಳನ್ನು ನಾನು ಯಾವ ರೀತಿಯಲ್ಲಿ ಕೆಡಿಸಬಹುದು ಎಂಬ ಚಿಂತೆ ಶಿರಾ ಬಸ್ ಸ್ಟ್ಯಾಂಡಿನಲ್ಲೇ ಶುರುವಾಯಿತು!