ತೂಗುಕುರ್ಚಿಯ ಜಲಯಾತ್ರೆ

"ಈ ಕಲೇವಿ ಇರೋ ಮನೆಗೆ ಅಂಗಡಿ ಮೀನು ಬರಲ್ಲ! ಉತ್ತರದಲ್ಲೂ ಬಂದಿರ್ಲಿಲ್ಲ, ದಕ್ಷಿಣದಲ್ಲೂ ಬರಲ್ಲ!"

ಹಾಂಕೋ ಊರಿಗೆ ಬಂದಿಳಿದ ದಿನ, ಲಾರಿಯಿಂದ ಇನ್ನೂ ಹಾಸಿಗೆಗಳನ್ನು ಇಳಿಸುವ ಮುನ್ನವೇ ಕಲೇವಿ ಹೀಗೆಂದು ಘೋಷಿಸಿದ. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ಅವನ ಹೆಂಡತಿ ಸೈಮಿ. ಇನ್ನೊಂದು, ಬೇಲಿಯ ಮೇಲೆ ಕೂತಿದ್ದ ಕಡಲಹಕ್ಕಿ. ಹಕ್ಕಿ ಹಾರಿಹೋಯಿತು. ಸೈಮಿಗೆ ಆ ಅನುಕೂಲವಿರಲಿಲ್ಲ.

"ಮೊದಲು ಮಂಚ ಇಳಿಸು ಮಾರಾಯ. ಮೀನು ಆಮೇಲೆ" ಎಂದಳು.

ಕಲೇವಿ ಹುಟ್ಟಿ ಬೆಳೆದದ್ದು, ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದದ್ದು, ಎಲ್ಲವೂ ಬಡಗಣ ತುದಿಯ ಕೆಮಿಯಾರ್ವಿಯಲ್ಲಿ. ಅಲ್ಲಿಯ ಸರೋವರ ನವೆಂಬರಿನಲ್ಲಿ ಒಮ್ಮೆ ಹೆಪ್ಪುಗಟ್ಟಿತೆಂದರೆ ಮೇ ತಿಂಗಳವರೆಗೆ ಕರಗುವ ಮಾತೇ ಎತ್ತುವುದಿಲ್ಲ. ಗಂಡಸರು ಬೈರಿಗೆ ಹೊತ್ತುಕೊಂಡು ಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು, ಸಂಜೆಯವರೆಗೆ ಯಾರ ಹತ್ತಿರವೂ ಮಾತಾಡದೆ ಕೂತಿರುತ್ತಾರೆ. ಹೆಂಗಸರು ಮನೆಯಲ್ಲಿ ನೆಮ್ಮದಿಯಾಗಿರುತ್ತಾರೆ. ಅಲ್ಲಿಯ ಸಂಸಾರಗಳು ಗಟ್ಟಿಯಾಗಿ ಉಳಿದಿರುವುದೇ ಹೀಗೆ!

ಇಂಥ ಸುಖದ ನಡುವೆ ಸೈಮಿಗೆ ಹಾಂಕೋದ ಶಾಲೆಯ ಅಡುಗೆಮನೆಯಲ್ಲಿ ಮುಖ್ಯಸ್ಥೆಯ ಕೆಲಸ ಸಿಕ್ಕಿತು. ಹಾಂಕೋ ಎಂದರೆ ದೇಶದ ತೆಂಕಣ ತುತ್ತತುದಿ. ಮೂರು ಕಡೆ ಸಮುದ್ರ, ಆಚೆ ದಡದಲ್ಲಿ ಎಸ್ಟೋನಿಯಾ ದೇಶ. ಜನವರಿಯಲ್ಲೂ ಮಳೆ ಬರುವ ಊರು. ಇವರು ಅಲ್ಲಿಗೆ ಬಂದಿಳಿದ ಸುದ್ದಿ ತಿಳಿದೊಡನೆ ಸೈಮಿಯ ತಮ್ಮ ತೊರ್ಸ್ತಿ ಕೆಮಿಯಾರ್ವಿಯ ಪೆಟ್ರೋಲ್ ಬಂಕಿನ ಕಾಫಿ ಮೇಜಿನಿಂದ ಫೋನ್ ಮಾಡಿದ. ಊರಿನ ಗಾಳ ಹಾಕುವವರೆಲ್ಲ ದಿನಾ ಬೆಳಗ್ಗೆ ಸೇರುವ ಮಹಾಸಭೆ ಅದು.

"ಭಾವಾ, ಅಲ್ಲಿ ಮಂಜುಗಡ್ಡೆ ಸಮುದ್ರದಲ್ಲಿ ಸಿಗುತ್ತೋ, ಇಲ್ಲಾ ಗ್ಲಾಸಲ್ಲಿ ಮಾತ್ರಾನೋ?"

ಹಿಂದಿನಿಂದ ಹೋ ಎಂದು ನಗು. ಕಲೇವಿಯ ಕಿವಿ ಕೆಂಪಾಯಿತು.

"ಚಳಿ ರಜಕ್ಕೆ ಬಾರೋ ಇಲ್ಲಿಗೆ! ಗಾಳ ಹಾಕೋ ಜಾಗ ತೋರಿಸ್ತೀನಿ. ಜಾಗ ಅಂದ್ರೆ ಹೆಂಗಿರ್ಬೇಕು ಅಂತ ನೋಡ್ಕೊಂಡು ಹೋಗು!"

"ತೋರಿಸ್ದೇ ಇದ್ರೆ?"

"ಇದೇ ಕಾಫಿ ಮೇಜಿಗೆ ಫೋನ್ ಮಾಡಿ, ಎಲ್ಲರ ಮುಂದೆ ಸೋತೆ ಅಂತ ಒಪ್ಕೋತೀನಿ!"

ಫೋನ್ ಇಟ್ಟ ಮೇಲೆ ಕಿಟಕಿಯಿಂದ ಹೊರಗೆ ನೋಡಿದ. ಸಮುದ್ರದಲ್ಲಿ ಅಲೆಗಳು ಕುಣಿಯುತ್ತಿದ್ದವು. ಮಂಜುಗಡ್ಡೆಯ ಸುಳಿವೇ ಇರಲಿಲ್ಲ.

ಅಂದಿನಿಂದ ಆರಂಭವಾಯಿತು ಕಲೇವಿಯ ದಿಗ್ವಿಜಯ! ಬಂದರಿಗೆ ಹೋದರೆ ಹಡಗುಗಳಿದ್ದವು. ಉದ್ಯಾನದ ಕೊಳಕ್ಕೆ ಹೋದರೆ ಬಾತುಕೋಳಿಗಳು ಈಜುತ್ತ ಇವನ ಬೈರಿಗೆಯನ್ನೇ ದುರುಗುಟ್ಟಿ ನೋಡಿದವು.

"ಯಾರನ್ನಾದ್ರೂ ಕೇಳಬಾರದಾ?" ಎಂದಳು ಸೈಮಿ.

"ಕೇಳೋದಾ! ಮೀನಿನ ಜಾಗ ಕೇಳೋದೂ ಒಂದೇ, ಇನ್ನೊಬ್ಬನ ಹಲ್ಲುಜ್ಜೋ ಬ್ರಷ್ ಕೇಳೋದೂ ಒಂದೇ! ನಮ್ಮ ಕಡೆ ಅಪ್ಪ ಸಾಯೋವಾಗ್ಲೂ ಮಗನಿಗೆ ಜಾಗ ಹೇಳಲ್ಲ."

"ಮತ್ತೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಿರೋನ ಹಿಂದೆ ಹೋಗ್ಬೇಕು. ಅವನಿಗೆ ಗೊತ್ತಾಗ್ದ ಹಾಗೆ."

ಗೊತ್ತಿರುವವನು ಒಂದು ಬೆಳಗ್ಗೆ ಸಿಕ್ಕೂಬಿಟ್ಟ! ಹೆಗಲ ಮೇಲೆ ಬೈರಿಗೆ, ಕೈಯಲ್ಲಿ ಬಕೀಟು. ಕಲೇವಿ ಮರದಿಂದ ಮರಕ್ಕೆ, ಪೊದೆಯಿಂದ ಪೊದೆಗೆ ಅಡಗುತ್ತ ಬಹಳ ದೂರ ಹಿಂಬಾಲಿಸಿದ. ಕೊನೆಗೆ ಆ ಮನುಷ್ಯ ಒಂದು ತೋಟದಲ್ಲಿ ನಿಂತು, ಬೈರಿಗೆಯನ್ನು ಹಸಿಮಣ್ಣಿಗೆ ಊರಿ ಗರಗರ ತಿರುಗಿಸತೊಡಗಿದ. ಅವನು ಬೇಲಿಗೆ ಗುಂಡಿ ತೋಡಲು ಬಂದಿದ್ದ! ಕಲೇವಿ ಪೊದೆಯಿಂದ ಜಾರಿ ಅವನ ಕಾಲ ಬುಡದಲ್ಲೇ ಬಿದ್ದ.

"ಏನು ಬೇಕಿತ್ತು?"

"ಏನಿಲ್ಲ... ಸುಮ್ನೆ ಹವಾ ತಗೋತಿದ್ದೆ."

"ಹೇಗೂ ಬಂದಿದ್ದೀರಲ್ಲ, ಈ ಕಂಬ ಸ್ವಲ್ಪ ಹಿಡ್ಕೊಳ್ಳಿ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಸಂಜೆ ಮನೆಗೆ ಬಂದಾಗ ಕಲೇವಿಯ ಮೈಯೆಲ್ಲ ಕೆಸರಾಗಿತ್ತು.

"ಎಷ್ಟು ಮೀನು ಬಿತ್ತು?" ಎಂದಳು ಸೈಮಿ.

"ಬೇಲಿ ಎದ್ದಿತು" ಎಂದ ಕಲೇವಿ. ಸೈಮಿ ನಗು ತಡೆಯಲಾರದೆ ಕೈಲಿದ್ದ ಸೌಟನ್ನು ಕೆಳಗೆ ಹಾಕಿದಳು.

ರಜೆ ಹತ್ತಿರ ಬಂತು. ತೊರ್ಸ್ತಿ ರೈಲಿಗೆ ಟಿಕೆಟ್ ತೆಗೆಸಿದ. ಕಲೇವಿಗೆ ಅನ್ನ ನೀರು ಸೇರದಾಯಿತು. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ! ಇದ್ದಕ್ಕಿದ್ದಂತೆ ಬಿದ್ದ ಕಡು ಚಳಿ ವಾರ ಕಳೆದರೂ ಬಿಡದೆ, ಗುಡ್ಡದ ಹಿಂದಿನ ಪುಟ್ಟ ಕೊಲ್ಲಿ ಹೆಪ್ಪುಗಟ್ಟಿತು. ತೊರ್ಸ್ತಿ ಬರುವ ಹಿಂದಿನ ದಿನ ಕಲೇವಿ ಅಲ್ಲಿ ನಿಂತು ಬೈರಿಗೆ ತಿರುಗಿಸಿದ. ಗೇಣುದ್ದ ಗಟ್ಟಿ ಮಂಜುಗಡ್ಡೆ! ಗಾಳ ಇಳಿಬಿಟ್ಟ. ದಾರ ಜಗ್ಗಿತು. ಮೈಮೇಲೆ ಕಪ್ಪು ಪಟ್ಟೆಯ, ಕೆಂಪು ರೆಕ್ಕೆಯ ದಪ್ಪ ಮೀನೊಂದು ಮೇಲೆ ಬಂದು ಪಟಪಟ ಬಡಿದುಕೊಂಡಿತು. ಕಲೇವಿ ಅದಕ್ಕೆ ಮುತ್ತು ಕೊಟ್ಟು ಮತ್ತೆ ನೀರಿಗೆ ಬಿಟ್ಟ. ನಾಳೆ ತೊರ್ಸ್ತಿಯ ಮುಂದೆ ಹಿಡಿಯಲು ಬೇಕಲ್ಲ!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವನ ತಲೆಯಲ್ಲಿ ಯೋಚನೆಗಳು ಸುಮ್ಮನಿರುವುದಿಲ್ಲ. ನಾಳೆ ತೊರ್ಸ್ತಿ ಬಂದಾಗ ತಾನು ಗಾಳದ ಸಾಮಾನಿನ ಪೆಟ್ಟಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂರುವುದೇ? ಛೇ! ಸಾಮ್ರಾಟನಿಗೊಂದು ಸಿಂಹಾಸನ ಬೇಡವೇ? ಮನೆಯಲ್ಲಿ ಸಿಂಹಾಸನವಿತ್ತು. ಸೈಮಿಯ ತಾಯಿಯ ಕಾಲದ ತೂಗುಕುರ್ಚಿ. ಸೈಮಿ ಶಾಲೆಯಲ್ಲಿದ್ದಳು. ಕಲೇವಿ ಕುರ್ಚಿಯನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಬಿಗಿದು ಹೊರಟೇಬಿಟ್ಟ. ಬೀದಿಯಲ್ಲಿ ಹಿಮವಿರಲಿಲ್ಲ. ಡಾಂಬರಿನ ಮೇಲೆ ಜಾರುಬಂಡಿ ಕರ್‍ರೋ ಎಂದು ಅರಚಿತು. ಪಕ್ಕದ ಮನೆಯ ಗುನ್ವೋರ್ ಕಿಟಕಿ ತೆಗೆದಳು.

"ಮನೆ ಖಾಲಿ ಮಾಡ್ತಿದ್ದೀರಾ?"

"ಇಲ್ಲಮ್ಮ, ನೆಂಟರು ಬರ್ತಾರೆ."

ಗುನ್ವೋರ್ ಇನ್ನೇನೂ ಕೇಳದೆ ಕಿಟಕಿ ಮುಚ್ಚಿದಳು.

ತೂತಿನ ಪಕ್ಕದಲ್ಲಿ ಕುರ್ಚಿ ಇಟ್ಟ. ಕೂತು ತೂಗಿ ನೋಡಿದ. ಸ್ವರ್ಗಕ್ಕೆ ಮೂರೇ ಗೇಣು! ಕತ್ತಲಾಗುವಾಗ ಕುರ್ಚಿ, ಬೈರಿಗೆ, ಪೆಟ್ಟಿಗೆ, ಜಾರುಬಂಡಿ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದ. ಕೆಮಿಯಾರ್ವಿಯಲ್ಲಿ ಎಲ್ಲರೂ ಹಾಗೇ ಮಾಡುವುದು. ಒಮ್ಮೆ ಸಾಮಾನು ಇಟ್ಟರೆ ಜಾಗ ನಮ್ಮದು. ಚಳಿಗಾಲ ಪೂರ್ತಿ ಯಾರೂ ಮುಟ್ಟುವುದಿಲ್ಲ, ಮಂಜುಗಡ್ಡೆಯೂ ಅಲುಗುವುದಿಲ್ಲ.

ಸಂಜೆ ಸೈಮಿ ಬಂದವಳೇ ಕೇಳಿದಳು. "ನನ್ನ ಕುರ್ಚಿ ಎಲ್ಲಿ?"

ಕಲೇವಿಯ ಬಾಯಿಗೆ ಬಂದದ್ದು ಒಂದೇ. "ವಾರ್ನಿಷ್ ಹಚ್ಚೋಕೆ ಕೊಟ್ಟಿದ್ದೀನಿ."

ಸೈಮಿಯ ಕಣ್ಣು ತುಂಬಿತು. "ಅಮ್ಮನ ಕುರ್ಚಿಗೆ ವಾರ್ನಿಷ್ ಹಚ್ಚಿಸಬೇಕು ಅಂತ ನಿನಗಾದ್ರೂ ಹೊಳೀತಲ್ಲ! ನೀನು ಬಾಯಲ್ಲಿ ಹೇಳಲ್ಲ ಅಷ್ಟೇ, ಮನಸ್ಸಲ್ಲಿ ಎಲ್ಲಾ ಇದೆ" ಎಂದು ಅವನಿಗೆ ಎರಡು ತುಂಡು ಹೆಚ್ಚಿಗೆ ಕಡುಬು ಬಡಿಸಿದಳು. ಕಲೇವಿ ತಲೆ ಎತ್ತದೆ ತಿಂದ. ಕಡುಬು ರುಚಿಯಾಗಿಯೇ ಇತ್ತು.

ಆ ರಾತ್ರಿ ಬಡಗಣ ಗಾಳಿ ಬೀಸಿತು. ಹೆಂಚುಗಳು ಕಟಕಟ ಎಂದವು. ನಮ್ಮೂರಿನ ಗಾಳಿ ನಮ್ಮನ್ನು ಹುಡುಕಿಕೊಂಡು ಬಂದಿದೆ ಎಂದು ಕಲೇವಿ ನಗುತ್ತ ನಿದ್ದೆ ಹೋದ.

ಬೆಳಗ್ಗೆ ತೊರ್ಸ್ತಿ ತನ್ನ ಬೈರಿಗೆ ಹೊತ್ತು ರೈಲಿನಿಂದ ಇಳಿದ. ಮನೆಗೂ ಹೋಗದೆ ನಿಲ್ದಾಣದಿಂದ ನೇರ ಕೊಲ್ಲಿಗೆ ನಡೆದರು. ಗುಡ್ಡದ ತಪ್ಪಲಿನಲ್ಲಿ ಜನಜಂಗುಳಿ! ಅಗ್ನಿಶಾಮಕ ಗಾಡಿ, ಆಂಬುಲೆನ್ಸ್, ನೀರಿನಲ್ಲಿ ದೋಣಿ, ಆಕಾಶದಲ್ಲಿ ಹೆಲಿಕಾಪ್ಟರ್.

"ಏನಮ್ಮಾ ಆಯ್ತು?" ಎಂದು ಕಲೇವಿ ಒಬ್ಬ ಹೆಂಗಸನ್ನು ಕೇಳಿದ.

"ಯಾರೋ ಮೀನು ಹಿಡಿಯೋಕೆ ಹೋಗಿದ್ನಂತೆ ಪಾಪ. ರಾತ್ರಿ ಗಾಳಿಗೆ ಕೊಲ್ಲಿಯ ಮಂಜುಗಡ್ಡೆಯೆಲ್ಲ ಕಿತ್ಕೊಂಡು ಸಮುದ್ರಕ್ಕೆ ಹೋಗಿದೆ. ಅದರ ಮೇಲೆ ಸಾಮಾನಿದೆ, ಮನುಷ್ಯ ಇಲ್ಲ!"

ಕಲೇವಿ ಟೋಪಿ ತೆಗೆದ. ತೊರ್ಸ್ತಿಯೂ ತೆಗೆದ. ಮೀನು ಹಿಡಿಯುವವನಿಗೆ ಮೀನು ಹಿಡಿಯುವವನೇ ಬಂಧು. ಹುಡುಕುವವರಿಗೆಂದು ಊರ ಹೆಂಗಸರು ಕಾಫಿ, ಏಲಕ್ಕಿ ಬನ್ನು ತಂದಿದ್ದರು. ದುಃಖದಲ್ಲಿದ್ದ ಇವರಿಬ್ಬರಿಗೂ ಕೊಟ್ಟರು.

"ನಮ್ಮ ಕಡೆಯೋನಾಗಿದ್ರೆ ಹೀಗಾಗ್ತಿರ್ಲಿಲ್ಲ" ಎಂದ ಕಲೇವಿ ಬನ್ನು ಕಚ್ಚುತ್ತ. "ಈ ದಕ್ಷಿಣದೋರಿಗೆ ಮಂಜುಗಡ್ಡೆ ವಿಷಯದಲ್ಲಿ ಬುದ್ಧಿ ಸಾಲದು."

"ನಿಜ ಭಾವಾ." ತೊರ್ಸ್ತಿ ಪಕ್ಕದವರಿಂದ ದುರ್ಬೀನು ಇಸಕೊಂಡು ನೋಡಿದ. "ಯಾರೋ ವಯಸ್ಸಾದೋನೇ ಇರ್ಬೇಕು. ತೂಗುಕುರ್ಚಿ ಇಟ್ಕೊಂಡಿದ್ದಾನೆ."

ಬನ್ನು ಕಲೇವಿಯ ಗಂಟಲಲ್ಲೇ ನಿಂತಿತು.

"ಎಂಥಾ... ಎಂಥಾ ತೂಗುಕುರ್ಚಿ?"

"ಹಸಿರು ದಿಂಬು. ಒಂದು ಕೈಗೆ ಹಗ್ಗ ಸುತ್ತಿದೆ. ಥೇಟ್ ನಮ್ಮಮ್ಮನ ಕುರ್ಚಿ ಥರಾನೇ ಇದೆ ಭಾವಾ! ಆ ಹಗ್ಗ ನಾನೇ... ಚಿಕ್ಕವನಿದ್ದಾಗ ಮುರಿದು..." ತೊರ್ಸ್ತಿ ದುರ್ಬೀನು ಇಳಿಸಿ ಭಾವನನ್ನು ನೋಡಿದ. ಮತ್ತೆ ದುರ್ಬೀನು ಏರಿಸಿದ. "ಭಾವಾ, ಅದು ತಾನಾಗೇ ತೂಗ್ತಾ ಇದೆ!"

ಕಲೇವಿ ಕಾಫಿ ಲೋಟ ಹಿಡಿದುಕೊಂಡೇ ಹುಡುಕಾಟದ ಮುಖ್ಯಸ್ಥೆಯ ಹತ್ತಿರ ಹೋದ. ಎತ್ತರದ ಹೆಂಗಸು, ಎರಡೂ ಕೈಯಲ್ಲಿ ವೈರ್‌ಲೆಸ್ಸು.

"ಮೇಡಂ, ನೀವು ಹುಡುಕ್ತಿರೋ ಮನುಷ್ಯ ಸತ್ತಿಲ್ಲ."

"ನಿಮಗೆ ಹೇಗೆ ಗೊತ್ತು?"

"ಬೆಳಗ್ಗೆ ಅವನ ಜೊತೇಲೇ ಗಂಜಿ ಕುಡಿದೆ."

"ಈಗ ಎಲ್ಲಿದ್ದಾನೆ?"

"ನಿಮ್ಮ ಕಾಫಿ ಕುಡೀತಾ ಇದ್ದಾನೆ."

ಕಲೇವಿ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಆದರೆ ಆಕೆ ಹೆಲಿಕಾಪ್ಟರಿನತ್ತ ಕೈಬೀಸಿ, "ಬದುಕಿದ್ದಾನೆ!" ಎಂದು ಕೂಗಿದಳು. ಜನರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು! ಇಷ್ಟು ದಿನ ಇವನ ಮುಖವನ್ನೂ ನೋಡದಿದ್ದವರು ಬಂದು ಬೆನ್ನು ತಟ್ಟಿದರು. ಯಾರೋ ಮತ್ತೊಂದು ಬನ್ನು ಕೊಟ್ಟರು. ತನ್ನ ತಿಥಿಯ ತಿಂಡಿಯನ್ನು ತಾನೇ ತಿನ್ನುವ ಯೋಗ ಎಷ್ಟು ಜನಕ್ಕಿದೆ!

ಆಗ ಗುಡ್ಡದ ಕಡೆಯಿಂದ ಸೈಮಿ ಓಡಿ ಬಂದಳು. ಕುರ್ಚಿಯನ್ನು ಗುರುತಿಸಿದ ಗುನ್ವೋರ್ ಮನೆಗೆ ಹೋಗಿ, "ಧೈರ್ಯ ತಂದ್ಕೋ" ಎಂದು ಅಳುತ್ತ ಕರೆತಂದಿದ್ದಳು. ಸೈಮಿಯ ಕಾಲಲ್ಲಿ ಮನೆಯ ಚಪ್ಪಲಿ, ಮೈಮೇಲೆ ಹಿಟ್ಟು ಮೆತ್ತಿದ ಅಡುಗೆ ಬಟ್ಟೆ. ಜನರ ನಡುವೆ ಬನ್ನು ಹಿಡಿದು ನಿಂತ ಗಂಡನನ್ನು ಕಂಡು ಬಿಗಿಯಾಗಿ ಅಪ್ಪಿಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು. ಕಲೇವಿಗೂ ಅಳು ಬಂತು. ಇಷ್ಟು ಪ್ರೀತಿ ಇದೆ ಎಂದು ಗೊತ್ತಾಗಲು ಒಮ್ಮೆ ಸಾಯಬೇಕಾಯಿತಲ್ಲ ಎನಿಸಿತು.

ಅಪ್ಪಿಕೊಂಡೇ ಸೈಮಿ ಅವನ ಭುಜದ ಮೇಲಿಂದ ಸಮುದ್ರ ನೋಡಿದಳು. ಅಳು ನಿಂತಿತು. ಅಪ್ಪುಗೆ ಮಾತ್ರ ಇನ್ನೂ ಬಿಗಿಯಾಯಿತು, ಉಸಿರು ಕಟ್ಟುವಷ್ಟು.

"ಅದೇನಾ ವಾರ್ನಿಷ್ ಅಂಗಡಿ?"

"ಅದು... ಸೈಮಿ..."

ಮುಖ್ಯಸ್ಥೆ ಹತ್ತಿರ ಬಂದಳು. "ಇವರು ನಿಮ್ಮ ಯಜಮಾನರೇ ತಾನೇ? ಬದುಕಿದ್ದಾರೆ ಅಂತ ಮೇಲಧಿಕಾರಿಗಳಿಗೆ ಹೇಳಿಬಿಡಲಾ?"

"ಸದ್ಯಕ್ಕೆ ಹಾಗೇ ಹೇಳಿ" ಎಂದಳು ಸೈಮಿ. "ಕುರ್ಚಿ ಬರಲಿ, ಆಮೇಲೆ ನೋಡೋಣ."

ದೋಣಿಯವರು ನಕ್ಕು ಮತ್ತೆ ಸಮುದ್ರಕ್ಕಿಳಿದರು. ಕುರ್ಚಿ ಬಂತು, ಪೆಟ್ಟಿಗೆ ಬಂತು, ಜಾರುಬಂಡಿ ಬಂತು, ಬೈರಿಗೆಯೂ ಬಂತು. ಕುರ್ಚಿಗೆ ಒಂದು ಗೀರೂ ಆಗಿರಲಿಲ್ಲ. ದಿಂಬಿನ ಮೇಲೆ ಒಂದು ಕಡಲಹಕ್ಕಿ ಗಲೀಜು ಮಾಡಿತ್ತು, ಅಷ್ಟೇ. ದಂಡೆಯ ಬಂಡೆಯ ಮೇಲೆ ಇಟ್ಟರು. ಸೈಮಿ ದಿಂಬು ತಿರುವಿ ಹಾಕಿ ಮಹಾರಾಣಿಯಂತೆ ಕೂತು ತೂಗಿಕೊಂಡಳು. ಗುನ್ವೋರ್ ಕಾಫಿ ತಂದುಕೊಟ್ಟಳು. ಎಲ್ಲವೂ ಸುಖಾಂತ್ಯವೆಂದು ಕಲೇವಿ ಉಸಿರು ಬಿಡುವಷ್ಟರಲ್ಲಿ ತೊರ್ಸ್ತಿ ಫೋನ್ ಚಾಚಿದ. ಕರೆ ಆಗಲೇ ಕೆಮಿಯಾರ್ವಿಯ ಬಂಕಿನ ಕಾಫಿ ಮೇಜಿಗೆ ಸೇರಿ, ಫೋನು ಜೋರಾಗಿ ಮಾತಾಡುತ್ತಿತ್ತು.

"ಏನಪ್ಪಾ ಕಲೇವಿ, ಸಿಕ್ತಾ ಜಾಗ?"

ಕಲೇವಿ ಗಂಟಲು ಸರಿಮಾಡಿಕೊಂಡ. ಸುತ್ತಲೂ ಇಡೀ ಹಾಂಕೋ ನಿಂತಿತ್ತು. ಸೋತೆ ಎನ್ನಲು ನಾಲಿಗೆ ಹೊರಳಲಿಲ್ಲ.

"ಸಿಕ್ಕಿತ್ತು. ಗೇಣುದ್ದ ಮಂಜುಗಡ್ಡೆ. ಗಾಳ ಬಿಟ್ಟಿದ್ದೇ ತಡ, ಇಷ್ಟು ದಪ್ಪ ಮೀನು. ದೇವರಾಣೆ ಸುಳ್ಳಲ್ಲ!"

ಆ ಕಡೆ ಗದ್ದಲವೋ ಗದ್ದಲ. "ಹಂಗಾದ್ರೆ ಗೆದ್ದೆ ಬಿಡಪ್ಪ! ನಾವೂ ಎಲ್ಲಾ ಹೊರಟು ಬರ್ತೀವಿ. ಎಲ್ಲಿದೆ ಹೇಳು ಜಾಗ?"

ಕಲೇವಿ ಸಮುದ್ರದ ಕಡೆ ನೋಡಿದ. ಅವನ ಜಾಗ ದೂರದಲ್ಲಿ ಬೆಳ್ಳಗೆ, ಕರವಸ್ತ್ರದಷ್ಟು ಕಾಣುತ್ತಿತ್ತು. ಹಿಂದಿನಿಂದ, ತೂಗುತ್ತಿದ್ದ ಕುರ್ಚಿಯಿಂದ, ಸೈಮಿಯ ದನಿ ಎಲ್ಲರಿಗೂ ಕೇಳುವಂತೆ ಬಂತು.

"ಅಷ್ಟು ದೂರದಿಂದ ಇಲ್ಲಿಗೆ ಬರೋದು ಬೇಡ ಅಂತ ಹೇಳು. ಸೀದಾ ಎಸ್ಟೋನಿಯಾಗೇ ಹೋಗ್ಲಿ. ಅವರು ಹೋಗೋ ಹೊತ್ತಿಗೆ ಜಾಗಾನೂ ಅಲ್ಲಿಗೆ ಬಂದಿರುತ್ತೆ!"