ಢಂ ಅಂದರೂ ಬೀಳದ ಒಸಾಕಾದವರು

ನಿಶಿವಾಕಿಯವರ ಕಷ್ಟಕ್ಕೆಲ್ಲ ಕಾರಣ ಅವರ ವಿಸಿಟಿಂಗ್ ಕಾರ್ಡಿನ ಕೊನೆಯ ಸಾಲು. ಮೊದಲ ಸಾಲಿನಲ್ಲಿ ಹೆಸರಿತ್ತು, ಎರಡನೆಯದರಲ್ಲಿ ‘ಲಿಫ್ಟ್ ಸುರಕ್ಷತಾ ತಪಾಸಕ’ ಎಂಬ ಹುದ್ದೆಯಿತ್ತು. ತೈನಾನ್ ಊರಿನ ಹೊಸ ಹೋಟೆಲಿನ ಯಜಮಾನ ಲಿಯಾವ್ ಇವೆರಡನ್ನೂ ಓದುವ ಗೋಜಿಗೇ ಹೋಗಲಿಲ್ಲ. ಅವರ ಕಣ್ಣು ನೇರವಾಗಿ ಕೊನೆಯ ಸಾಲಿಗೆ ಜಾರಿತು.

“ಒಸಾಕಾ!” ಎಂದು ಕೂಗಿದರು. “ಅಮ್ಮಾ, ಸೂಯಿನ್, ಎಲ್ಲಾ ಬನ್ರಿ ಇಲ್ಲಿ! ಒಸಾಕಾದೋರು ಬಂದಿದಾರೆ!”

ಲಿಯಾವ್ ಪ್ರಾಯದಲ್ಲಿ ಎರಡು ವರ್ಷ ಒಸಾಕಾದ ಊಟದಂಗಡಿಯೊಂದರಲ್ಲಿ ತಟ್ಟೆ ತೊಳೆದವರು. ಆ ಊರಲ್ಲಿ ಹುಟ್ಟಿದ ಮಗು ಅಳುವ ಮೊದಲು ನಾಲ್ಕು ಜನರನ್ನು ನಗಿಸುತ್ತದೆ ಎಂಬುದು ಆ ಎರಡು ವರ್ಷದಲ್ಲಿ ಅವರಿಗೆ ಖಾತ್ರಿಯಾಗಿತ್ತು. ಎಲ್ಲರೂ ಅಜ್ಜಿ ಎನ್ನುವ ಅವರ ತಾಯಿ ಹಿಂದೆ ಶಾಲೆಯಲ್ಲೇ ಜಪಾನಿ ಕಲಿತಿದ್ದರು. ಸ್ವಾಗತದ ಮೇಜಿನ ಸೂಯಿನ್ ಪ್ರವಾಸಿಗರಿಗಾಗಿ ಕಲಿತಿದ್ದಳು. ಹೀಗಾಗಿ ನಿಶಿವಾಕಿ ಆಡುವ ಒಂದೊಂದು ಮಾತೂ ಅಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಸೂಯಿನ್ ಓಡಿಬಂದವಳೇ ಬೆರಳನ್ನು ಪಿಸ್ತೂಲಿನಂತೆ ಚಾಚಿ, “ಢಂ!” ಎಂದಳು.

ಒಸಾಕಾದಲ್ಲಿ ಹೀಗೆ ಯಾರಾದರೂ ಢಂ ಅಂದರೆ ಗುರುತಿರಲಿ ಬಿಡಲಿ, ಎದೆ ಹಿಡಿದುಕೊಂಡು ಬೀಳಬೇಕು. ಬ್ಯಾಂಕಿನ ಮ್ಯಾನೇಜರೂ ಬೀಳುತ್ತಾನೆ, ತರಕಾರಿ ಕೊಳ್ಳಲು ಹೊರಟ ಮುದುಕಿಯೂ ಬೀಳುತ್ತಾಳೆ. ಬೀಳದವರು ಊರಲ್ಲಿ ಒಬ್ಬರೇ. ನಲವತ್ತೊಂಬತ್ತು ವರ್ಷದಲ್ಲಿ ನಿಶಿವಾಕಿ ಒಮ್ಮೆಯೂ ಬಿದ್ದಿರಲಿಲ್ಲ. ಅದಕ್ಕೇ ಕಚೇರಿಯಲ್ಲಿ ಅವರನ್ನು ‘ತೋಕ್ಯೋ’ ಎಂದು ಕರೆಯುತ್ತಿದ್ದರು. ಆ ರಾಜಧಾನಿಯವರಿಗೆ ನಗುವುದೇ ಗೊತ್ತಿಲ್ಲವೆಂದು ನಂಬಿದ ಒಸಾಕಾದವರಿಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಪರದೇಶದಲ್ಲಾದರೂ ಈ ಕಾಟ ತಪ್ಪಲಿ ಎಂದೇ ಅವರು ಹೊರದೇಶದ ಕೆಲಸ ಕೇಳಿ ಪಡೆದಿದ್ದರು.

“ಏನಾಗ್ಬೇಕಿತ್ತಮ್ಮಾ?” ಎಂದು ಗಂಭೀರವಾಗಿ ಕೇಳಿದರು.

ಮೂವರೂ ಬಿದ್ದು ಬಿದ್ದು ನಕ್ಕರು. “ನೋಡಿದ್ರಾ, ಮುಖ ಒಂಚೂರೂ ಅಲ್ಲಾಡಿಸ್ಲಿಲ್ಲ! ಇವರು ಪಳಗಿದ ಕೈ ಅಮ್ಮಾ!” ಎಂದರು ಲಿಯಾವ್.

ನಿಶಿವಾಕಿ ಧೃತಿಗೆಡುವ ಆಸಾಮಿಯಲ್ಲ. ಹತ್ತು ಗಂಟೆಗೆ ಲಿಫ್ಟಿನ ಯಂತ್ರದ ಕೋಣೆ ಹೊಕ್ಕರು, ಹನ್ನೊಂದೂವರೆಗೆ ಕೈಯೆಲ್ಲ ಮಸಿಯಾಗಿ ಹೊರಬಂದರು. ಬಾಗಿಲ ಬೀಗದ ಒಂದು ಭಾಗ ಸವೆದಿತ್ತು. ಲಿಫ್ಟು ಯಾವ ಗಳಿಗೆಯಲ್ಲಾದರೂ ಎರಡು ಮಹಡಿಗಳ ನಡುವೆ ನಿಲ್ಲಬಹುದಿತ್ತು. ಹೊಸ ಭಾಗ ಒಸಾಕಾದಿಂದ ಬರಲು ಐದು ದಿನ ಬೇಕು. ಹೋಟೆಲಿನ ಉದ್ಘಾಟನೆಯೋ ಮರುದಿನ ಬೆಳಿಗ್ಗೆ. ಮೊದಲ ಅತಿಥಿಗಳಾಗಿ ಅರವತ್ತೆರಡು ಮಂದಿ ಮುದುಕ ಮುದುಕಿಯರು ಬರುವವರಿದ್ದರು. ಲಿಫ್ಟು ನಿಲ್ಲಿಸುವ ಕಾಗದಕ್ಕೆ ಲಿಯಾವ್ ಅವರ ಮುದ್ರೆ ಇವತ್ತೇ ಬೀಳಲೇಬೇಕಿತ್ತು.

ಊಟದ ಮೇಜಿನಲ್ಲಿ ನಿಶಿವಾಕಿ ಗಂಟಲು ಸರಿಮಾಡಿಕೊಂಡರು. “ನಿಮ್ಮ ಲಿಫ್ಟು ನಾಳೆ ಮಹಡಿಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ಒಳಗೆ ಎಂಟು ಜನ ವಯಸ್ಸಾದೋರಿರ್ತಾರೆ.”

ಲಿಯಾವ್ ಬಾಯಲ್ಲಿದ್ದ ಸಾರು ಹೊರಗೆ ಚಿಮ್ಮಿತು. ಅಡುಗೆಯವನು ಬಾಗಿಲಿಗೆ ಬಂದು ನಿಂತ. ಸೂಯಿನ್ ಅವನಿಗೆ ಅನುವಾದಿಸಿ ಹೇಳಿದಳು. ಅವನೂ ಹೊಟ್ಟೆ ಹಿಡಿದುಕೊಂಡ.

“ಅದರಲ್ಲಿ ಮೂವರಿಗೆ ಹೃದಯದ ತೊಂದರೆ ಇರಬಹುದು,” ಎಂದರು ನಿಶಿವಾಕಿ.

“ಸಾಕು ಮಾರಾಯ್ರೇ, ಪಕ್ಕೆ ನೋಯ್ತಿದೆ!”

ನಿಶಿವಾಕಿ ಸಾರನ್ನು ಒಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟರು. ಸಿಹಿ. “ತೈನಾನ್‌ನೋರು ಎಲ್ಲಕ್ಕೂ ಸಕ್ಕರೆ ಹಾಕ್ತಾರೆ ಅಂತ ಕೇಳಿದ್ದೆ.”

ಲಿಯಾವ್ ನಗು ಥಟ್ಟನೆ ನಿಂತಿತು. “ಯಾರ್ರೀ ಹೇಳಿದ್ದು? ಒಂದೂರಿನ ಜನಾನೆಲ್ಲ ಒಂದೇ ತಕ್ಕಡೀಲಿ ತೂಗ್ಬಾರ್ದು. ತಪ್ಪದು,” ಎಂದು ತಮ್ಮ ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆ ಸುರಿದುಕೊಂಡರು.

ಮಾತಿನಿಂದ ಆಗದಿದ್ದರೆ ಅಳತೆಯಿಂದಾದರೂ ನಂಬಿಸೋಣವೆಂದು ಎರಡು ಗಂಟೆಗೆ ನಿಶಿವಾಕಿ ಉಪಕರಣ ಹಿಡಿದು ತಾವೇ ಲಿಫ್ಟು ಹತ್ತಿದರು. ಅದು ಅವರ ಮಾತನ್ನು ಅಕ್ಷರಶಃ ಉಳಿಸಿತು. ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಗಕ್ಕನೆ ನಿಂತಿತು.

ಒಳಗಿನ ಫೋನಿನಿಂದ ಸ್ವಾಗತದ ಮೇಜಿಗೆ ಕರೆ ಮಾಡಿದರು. “ನಾನು ನಿಶಿವಾಕಿ. ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ.”

“ಯಜಮಾನ್ರೇ, ಬನ್ನಿ ಬನ್ನಿ! ಮುಂದಿನ ಆಟ ಶುರುವಾಯ್ತು!” ಎಂದು ಸೂಯಿನ್ ಫೋನಿನ ದನಿಯನ್ನು ಎಲ್ಲರಿಗೂ ಕೇಳುವಂತೆ ಜೋರು ಮಾಡಿದಳು. ಅಡುಗೆಯವನು, ಹೂಕುಂಡದವನು, ಪಕ್ಕದ ಚಹಾದಂಗಡಿಯವಳು ಎಲ್ಲರೂ ಸೇರಿದರು. ಕುರ್ಚಿಗಳೂ ಬಂದವು.

“ಇಲ್ಲಿ ಸೆಕೆ ತುಂಬಾ ಇದೆ,” ಎಂದರು ನಿಶಿವಾಕಿ. ಚಪ್ಪಾಳೆ.

“ದಯವಿಟ್ಟು ನಾಲ್ಕನೇ ಮಹಡಿಗೆ ಒಂದು ಏಣಿ ತನ್ನಿ.” ಶಿಳ್ಳೆ.

ಒಂದೂವರೆ ಗಂಟೆ ಹೀಗೇ ಕಳೆಯಿತು. ಅಂಗಿ ಮೈಗಂಟಿತು. ಸಿಟ್ಟು ಬಂದು ಬೈದರು, ಕೆಳಗೆ ಜನ ಕಣ್ಣೊರೆಸಿಕೊಂಡು ನಕ್ಕರು. ನಿಶಿವಾಕಿ ನೆಲದ ಮೇಲೆ ಕೂತು ಯೋಚಿಸಿದರು. ಗಂಭೀರವಾಗಿ ಮಾತಾಡಿದರೆ ನಗುವ ಈ ಜನ, ಹಾಸ್ಯ ಮಾಡಿದರೆ ಏನು ಮಾಡಿಯಾರು? ಅವರಿಗೆ ಗೊತ್ತಿದ್ದದ್ದು ಒಂದೇ ನಗೆಹನಿ. ಮಾವ ಪ್ರತಿ ಹೊಸವರ್ಷಕ್ಕೂ ತಪ್ಪದೆ ಹೇಳುತ್ತಿದ್ದದ್ದು. ಫೋನು ಎತ್ತಿದರು.

“ಒಂದು ಆಮೆ. ಸುಮಾರು ಮೂರು ಕಿಲೋ ತೂಕದ್ದು. ಕ್ಷೌರದಂಗಡಿಗೆ ಹೋಯ್ತು. ಕ್ಷೌರಿಕ, ತಲೆ ಹೊರಗೆ ಹಾಕು ಅಂದ. ಆಮೆ, ಮೊದಲು ಕತ್ತರಿ ಒಳಗೆ ಇಡು ಅಂತು. ಆಮೆಗೆ ಕೂದಲಿರಲ್ಲ ಅನ್ನೋದನ್ನ ಗಮನಿಸಬೇಕು. ಮುಗೀತು.”

ಕೆಳಗೆ ಒಬ್ಬರೂ ನಗಲಿಲ್ಲ.

“ಯಜಮಾನ್ರೇ,” ಎಂದಳು ಸೂಯಿನ್, “ಇವ್ರಿಗೆ ಏನೋ ಆಗಿದೆ.”

“ಉಸಿರು ಕಟ್ಟಿರ್ಬೇಕು ಪಾಪ! ಏಣಿ ತಗೊಂಡ್ ಓಡ್ರೋ!” ಎಂದು ಅಜ್ಜಿ ಚೀರಿದರು.

ಐದೇ ನಿಮಿಷದಲ್ಲಿ ನಿಶಿವಾಕಿಯನ್ನು ಹೊರಗೆಳೆದು, ಕೆಳಗೆ ಕರೆತಂದು ಕೂರಿಸಿ, ಬೀಸಣಿಗೆಯಿಂದ ಗಾಳಿ ಹಾಕಿದರು. ಲಿಯಾವ್ ಅವರ ಮುಖವನ್ನೇ ದಿಟ್ಟಿಸಿದರು.

“ನಿಜ ಹೇಳಿ. ನೀವು ಒಸಾಕಾದೋರಲ್ಲ.”

“ಅಲ್ಲೇ ಹುಟ್ಟಿದ್ದು, ಅಲ್ಲೇ ಬೆಳೆದಿದ್ದು.”

“ಸುಮ್ನಿರಿ. ಅಲ್ಲಿ ಹುಟ್ಟಿದೋರು ಆಮೆ ಕತೇನ ಹೀಗೆ ಕೊಲ್ಲಲ್ಲ. ನೀವು ತೋಕ್ಯೋದೋರು. ಬೆಳಿಗ್ಗೇನೇ ಹೇಳಿದ್ರೆ ಆಗ್ಲೇ ಮುದ್ರೆ ಒತ್ತಿರ್ತಿದ್ದೆ. ತೋಕ್ಯೋ ಇಂಜಿನಿಯರ ಮಾತು ಅಂದ್ರೆ ಸುಮ್ನೇನಾ?” ಲಿಯಾವ್ ಮುದ್ರೆಯನ್ನು ಕಾಗದದ ಮೇಲೆ ಎತ್ತಿ ಹಿಡಿದರು. “ತೋಕ್ಯೋ ತಾನೇ?”

ನಿಶಿವಾಕಿ ಮುದ್ರೆಯನ್ನೇ ನೋಡಿದರು. ಮೂವತ್ತು ವರ್ಷ ಸಹಿಸಿದ ಬೈಗುಳವನ್ನು ಈಗ ತಮ್ಮ ಬಾಯಿಂದಲೇ ಒಪ್ಪಬೇಕಿತ್ತು. ಅರವತ್ತೆರಡು ಮುದಿಜೀವಗಳನ್ನು ನೆನೆದುಕೊಂಡರು.

“ಹೌದು. ತೋಕ್ಯೋ.”

ಮುದ್ರೆ ಬಿತ್ತು. ನಿಶಿವಾಕಿ ಯಂತ್ರದ ಕೋಣೆಯಿಂದ ಲಿಫ್ಟನ್ನು ನೆಲಮಹಡಿಗೆ ಇಳಿಸಿ ಬಂದ್ ಮಾಡಿದರು. ಅವರು ಚೀಲವೆತ್ತಿಕೊಂಡು ಬಾಗಿಲ ಕಡೆ ನಡೆದರು. ಕೆಲಸವೇನೋ ಆಗಿತ್ತು, ಮನಸ್ಸು ಮಾತ್ರ ತವರನ್ನು ಮಾರಿಕೊಂಡವರಂತೆ ಕುಗ್ಗಿತ್ತು. ಬಾಗಿಲಲ್ಲಿ ಕೂತಿದ್ದ ಅಜ್ಜಿ ಅವರ ಸಪ್ಪೆ ಮುಖ ನೋಡಿ ಮರುಗಿದರು. “ಯಾಕಪ್ಪಾ ಹೀಗಿದೀಯ?” ಎಂದು ಕೇಳಿ, ಸಮಾಧಾನಕ್ಕೆಂದು ನಡುಗುವ ಬೆರಳನ್ನು ಚಾಚಿ ಮೆಲ್ಲಗೆ, “ಢಂ,” ಎಂದರು.

ಏನಾಯಿತೆಂದು ನಿಶಿವಾಕಿಗೂ ತಿಳಿಯಲಿಲ್ಲ. ಚೀಲ ಕೈಯಿಂದ ಹಾರಿತು. ಎದೆ ಹಿಡಿದುಕೊಂಡು ಎರಡು ಸುತ್ತು ತಿರುಗಿ, ಕಂಬವನ್ನಪ್ಪಿ, ಮೊಣಕಾಲೂರಿ, “ಅಮ್ಮಾ, ನಾನು ಹೋದೆ!” ಎಂದು ಅಂಗಾತ ಬಿದ್ದು ಕೊನೆಗೆ ಒಂದು ಕಾಲನ್ನೂ ಒದರಿದರು. ನಲವತ್ತೊಂಬತ್ತು ವರ್ಷ ಬೀಳದೆ ಉಳಿಸಿಟ್ಟದ್ದೆಲ್ಲ ಒಂದೇ ಸಲ ಬಿದ್ದಿತ್ತು. ಅವರಿಗೆ ಹಾಯೆನಿಸಿತು.

“ಒಸಾಕಾ!” ಎಂದು ಲಿಯಾವ್ ಕುಣಿದರು. “ಅಪ್ಪಟ ಒಸಾಕಾ! ಅಯ್ಯೋ ದೇವ್ರೇ, ಬೆಳಿಗ್ಗೆಯಿಂದ ಎಲ್ಲಾ ಆಟಾನೇ! ಒಳಗೆ ಗುಂಡಿ ಒತ್ತಿ ನಿಲ್ಲಿಸ್ಕೊಂಡಿದ್ದೂ ನೀವೇ ಅಲ್ವಾ?” ಕಾಗದ ಪರ್‍ರೆಂದು ಹರಿಯಿತು. ಲಿಯಾವ್ ಸ್ವಿಚ್ಚು ಒತ್ತಿ, “ಇದನ್ನ ಹೆಂಡತಿಗೆ ಹೇಳ್ಲೇಬೇಕು, ಐದನೇ ಮಹಡೀಲಿದಾಳೆ,” ಎಂದು ಲಿಫ್ಟಿನೊಳಗೆ ನುಗ್ಗಿದರು.

“ಹತ್ಬೇಡಿ! ಅದು ನಿಜವಾಗ್ಲೂ ಕೆಟ್ಟಿದೆ!” ಎಂದು ನಿಶಿವಾಕಿ ನೆಲದಿಂದಲೇ ಕೂಗಿದರು. ಜನ ನಕ್ಕು ನಕ್ಕು ಗೋಡೆಗೆ ಒರಗಿದರು.

ಎರಡು ನಿಮಿಷಕ್ಕೆ ಸ್ವಾಗತದ ಮೇಜಿನ ಫೋನು ಹೊಡೆದುಕೊಂಡಿತು. “ಸೂಯಿನ್, ನಾನು ಕಣೇ, ಲಿಯಾವ್. ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ!”

“ನಮ್ ಯಜಮಾನ್ರು ಒಂದೇ ದಿನದಲ್ಲಿ ಕಲ್ತುಬಿಟ್ರು!” ಎಂದು ಸೂಯಿನ್ ದನಿಯನ್ನು ಜೋರು ಮಾಡಿದಳು. ಕುರ್ಚಿಗಳು ಮತ್ತೆ ಬಂದವು.

ನಿಶಿವಾಕಿ ಎದ್ದು ಬಟ್ಟೆ ಕೊಡವಿಕೊಂಡು, ಏಣಿಯನ್ನು ಹೆಗಲ ಮೇಲೆ ಹೊತ್ತು ನಾಲ್ಕನೆಯ ಮಹಡಿಗೆ ಮೆಟ್ಟಿಲೇರತೊಡಗಿದರು. ಒಂದೊಂದು ಮೆಟ್ಟಿಲಿಗೂ ಕೆಳಗಿನಿಂದ ಚಪ್ಪಾಳೆ ಬೀಳುತ್ತಿತ್ತು.